ಔಷಧದಾನಕ್ಕೆ ಪಕ್ಷವಿಲ್ಲ

ಸೈನ್ಯದ ವೈದ್ಯನು ಹಿಂಸೆಯಲ್ಲಿ ಪಾಲುದಾರನೇ? ವೈದ್ಯಕೀಯ ಶಿಕ್ಷಣ ಮುಗಿಸಿದ ಜೈನ ತರುಣನೋ ತರುಣಿಯೋ ಸೇನೆಯ ವೈದ್ಯಕೀಯ ದಳ ಸೇರುವ ಇಚ್ಛೆಯನ್ನು ತೋರಿದರೆ ಮನೆಯ ಹಿರಿಯರ ಬಾಯಲ್ಲಿ ಈ ಪ್ರಶ್ನೆ ಬರುತ್ತದೆ. ಬದುಕಿಸಿದ ಸೈನಿಕನು ನಾಳೆ ಮತ್ತೆ ಕೊಲ್ಲಲು ಹೋಗುವನು, ಆ ಪಾಪದ ಒಂದು ಪಾಲು ವೈದ್ಯನಿಗೂ ಅಂಟುವುದು ಎಂಬುದು ಅವರ ವಾದ. ವಿಶ್ವಸ್ತ ಮಂಡಳಿಗಳಲ್ಲಿ ಇದೇ ವಾದ ಬೇರೊಂದು ರೂಪ ತಾಳುತ್ತದೆ: ಯುದ್ಧದಲ್ಲಿ ಗಾಯಗೊಂಡವರ ಆರೈಕೆ ಲೌಕಿಕ ಕಾರ್ಯ, ಅದಕ್ಕೆ ಧರ್ಮದ ಹಣ ಸಲ್ಲದು. ಈ ವಾದ ಅಹಿಂಸೆಯ ವೇಷ ತೊಟ್ಟಿದೆ. ಆ ವೇಷ ಕಳಚಿದರೆ ಉಳಿಯುವುದು ಉದಾಸೀನತೆ ಮಾತ್ರ.

ರಾಯಚೂರು ಸೀಮೆಯ ಶ್ರಾವಕರಿಗೆ ಯುದ್ಧವೆಂಬುದು ಪರದೇಶದ ಸುದ್ದಿಯಲ್ಲ. ದೇವದುರ್ಗದ ಉತ್ತರಕ್ಕೆ ಕೃಷ್ಣೆ, ಮಾನ್ವಿಯ ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಣ ನೆಲಕ್ಕಾಗಿ ಶತಮಾನಗಳ ಕಾಲ ದಂಡುಗಳು ಹಾಯ್ದು ಹೋದವು. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿಗಾಗಿ ನಡೆದ ಕಾಳಗದ ವೃತ್ತಾಂತವನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಸೋತ ದಂಡು ನದಿಗೆ ಬಿದ್ದಾಗ ನೀರಿನಲ್ಲಿ ಇದ್ದವರು ಸೈನಿಕರಷ್ಟೇ ಅಲ್ಲ. ಪಾಳೆಯ ಬಿಟ್ಟು ಓಡಿಬಂದ ಹೆಂಗಸರೂ ಹುಡುಗರೂ ಅಲ್ಲಿದ್ದರು. ಒಬ್ಬರನ್ನೊಬ್ಬರು ಹಿಡಿದುಕೊಂಡು ಮುಳುಗಿದರು. ದಡ ಹತ್ತಲಾರದ ಕುದುರೆಗಳು ಅವರ ಮೇಲೆಯೇ ಉರುಳಿದವು. ತಲೆಯೆತ್ತಿದವರನ್ನು ದಡದಲ್ಲಿ ನಿಂತವರು ಕೊಂದರು. ಇದನ್ನು ಕಂಡ ಅರಸನು ಮರುಗಿ, ತಪ್ಪೇ ಮಾಡದವರು ಬಹಳ ಮಂದಿ ಸತ್ತರೆಂದು ಹೇಳಿ ದಂಡನ್ನು ಹಿಂದಕ್ಕೆ ಕರೆಸಿದನೆಂದು ಆ ಬರಹಗಾರನು ತಿಳಿಸುತ್ತಾನೆ.

ಗೆದ್ದ ಅರಸನೊಬ್ಬನು ಕತ್ತಿಯನ್ನು ತಡೆದದ್ದು ಅಭಯದಾನವೇ ಸರಿ. ಆದರೆ ನದಿಯಿಂದ ಅರೆಜೀವವಾಗಿ ದಡಕ್ಕೆ ಬಂದ ಹುಡುಗನಿಗೆ ಅಷ್ಟು ಸಾಕೇ? ಅವನ ಮುರಿದ ಕಾಲಿಗೆ ಕಟ್ಟು ಹಾಕುವವರು ಬೇಕು. ನೆತ್ತರು ನಿಲ್ಲಿಸುವ ಕೈ ಬೇಕು. ಶ್ರಾವಕಾಚಾರವು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳನ್ನು ಜೊತೆಯಾಗಿ ಹೇಳಿರುವುದು ಸುಮ್ಮನೆ ಅಲ್ಲ. ರಣರಂಗದಲ್ಲಿ ಔಷಧವಿಲ್ಲದ ಅಭಯವು ಅರ್ಧ ದಾನ. ಕೊಲ್ಲದೆ ಇರುವುದರಲ್ಲಿಯೇ ತೃಪ್ತಿಗೊಳ್ಳುವ ಅಹಿಂಸೆಯು ದಡದಲ್ಲಿ ನಿಂತು ನೋಡುವ ಅಹಿಂಸೆ.

ಮೊದಲ ಆಕ್ಷೇಪವನ್ನು ಶಾಸ್ತ್ರದ ತಕ್ಕಡಿಯಲ್ಲಿಯೇ ತೂಗಬಹುದು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ತ್ಯಜಿಸಬೇಕೆಂದು ವಿಧಿಸಲಾಗಿದೆ. ಆಕ್ರಮಣವನ್ನು ತಡೆಯಲು ಆಯುಧ ಹಿಡಿದ ಶ್ರಾವಕನನ್ನೂ ಪರಂಪರೆಯು ಹೊರಗೆ ಹಾಕಲಿಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಸೇನಾಪತಿ. ಕತ್ತಿ ಹಿಡಿದ ಶ್ರಾವಕನ ಹೆಸರನ್ನು ಮಹಾಮಸ್ತಕಾಭಿಷೇಕದಂದು ಹೆಮ್ಮೆಯಿಂದ ಹೇಳುವವರು, ಕತ್ತಿಯ ಗಾಯಕ್ಕೆ ಹೊಲಿಗೆ ಹಾಕುವವನನ್ನು ಪಾಪಿಯೆಂದರೆ ಅದು ಯಾವ ನ್ಯಾಯ?

ವಾಸಿಯಾದವನು ಮತ್ತೆ ಕೊಲ್ಲಬಹುದು ಎಂಬ ಮಾತಿಗೆ ಜೈನ ಸಮಾಜವೇ ಕಟ್ಟಿದ ಸಂಸ್ಥೆಯೊಂದು ಉತ್ತರ ಕೊಟ್ಟಿದೆ. ದೆಹಲಿಯ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯನ್ನು ಯಾತ್ರಿಕರು ನೋಡಿ ಬಂದಿರುತ್ತಾರೆ. ಅಲ್ಲಿ ಮಾಂಸಾಹಾರಿಗಳಾದ ಹದ್ದು ಗಿಡುಗಗಳನ್ನು ಒಳಗೆ ಇರಿಸಿಕೊಳ್ಳುವುದಿಲ್ಲ. ಆದರೂ ಅವುಗಳ ಗಾಯಕ್ಕೆ ಮದ್ದು ಹಾಕಿಯೇ ಕಳುಹಿಸುತ್ತಾರೆ. ಹದ್ದು ಮತ್ತೆ ಬೇಟೆಯಾಡುವುದೆಂಬುದು ತಿಳಿಯದ ಸಂಗತಿಯೇನಲ್ಲ. ಹದ್ದಿಗೆ ಸಲ್ಲುವ ಕರುಣೆ ಮನುಷ್ಯನಿಗೆ ಸಲ್ಲದೆ ಹೋದೀತೆ? ಇನ್ನು ಯುದ್ಧದಲ್ಲಿ ಗಾಯಗೊಂಡ ಮಗುವಿನ ವಿಷಯದಲ್ಲಿ ಈ ಆಕ್ಷೇಪಕ್ಕೆ ಎಡೆಯೇ ಇಲ್ಲ. ಆ ಮಗು ಯಾರನ್ನೂ ಕೊಂದಿಲ್ಲ, ಯಾವ ಧ್ವಜವನ್ನೂ ಹಿಡಿದಿಲ್ಲ.

ಗಾಯವು ಅವರವರ ಅಸಾತಾವೇದನೀಯ ಕರ್ಮದ ಉದಯ, ಅನ್ಯರು ಏನು ಮಾಡಲಾದೀತು ಎನ್ನುವವರೂ ಉಂಟು. ತಮ್ಮ ಮನೆಯ ಮಗುವಿಗೆ ಜ್ವರ ಬಂದಾಗ ಇವರು ಕರ್ಮೋದಯ ಮುಗಿಯಲೆಂದು ಕಾಯುವುದಿಲ್ಲ, ರಾಯಚೂರಿನ ತಜ್ಞ ವೈದ್ಯರ ಬಳಿಗೆ ಓಡುತ್ತಾರೆ. ವೈಯಾವೃತ್ಯವು ಮುನಿಗಳಿಗೆ ಸಲ್ಲುವ ಸೇವೆ, ಗಾಯಾಳುಗಳು ಪಾತ್ರರಲ್ಲ ಎನ್ನುವವರು ಪಾತ್ರದಾನದ ಪಕ್ಕದಲ್ಲಿಯೇ ಕರುಣಾದಾನವನ್ನೂ ಹೇಳಿರುವುದನ್ನು ಮರೆಯುತ್ತಾರೆ. ಕರುಣಾದಾನಕ್ಕೆ ದುಃಖವೊಂದೇ ಅರ್ಹತೆ. ಸಮ್ಯಕ್ತ್ವದ ಲಕ್ಷಣಗಳಲ್ಲಿ ಒಂದಾದ ಅನುಕಂಪವು ಜಾತಿ, ಮತ, ಸೈನ್ಯಗಳನ್ನು ವಿಚಾರಿಸಿಕೊಂಡು ಹುಟ್ಟುವುದಿಲ್ಲ.

ಲೋಕದ ಕಾನೂನು ಕೂಡ ಬಹಳ ನೆತ್ತರು ಹರಿದ ಮೇಲೆ ಇದೇ ತತ್ತ್ವಕ್ಕೆ ಬಂದು ನಿಂತಿದೆ. 1859ರಲ್ಲಿ ಇಟಲಿಯ ಸೊಲ್ಫೆರಿನೊ ಕಾಳಗದ ಗಾಯಾಳುಗಳನ್ನು ಊರಿನ ಹೆಂಗಸರು ಪಕ್ಷಭೇದವಿಲ್ಲದೆ ಉಪಚರಿಸಿದ್ದನ್ನು ಕಂಡ ಹೆನ್ರಿ ಡ್ಯುನಾಂಟ್‌ನ ಪ್ರಯತ್ನದಿಂದ ರೆಡ್‌ಕ್ರಾಸ್ ಹುಟ್ಟಿತು. 1864ರಲ್ಲಿ ಮೊದಲ ಜಿನೀವಾ ಒಪ್ಪಂದವಾಯಿತು. 1949ರ ಜಿನೀವಾ ಒಪ್ಪಂದಗಳ ಪ್ರಕಾರ ಗಾಯಾಳು ಯಾವ ಪಕ್ಷದವನಾದರೂ ಆರೈಕೆ ಸಮಾನ. ಯಾರನ್ನು ಮೊದಲು ನೋಡಬೇಕೆಂಬುದನ್ನು ಗಾಯದ ತುರ್ತು ನಿರ್ಣಯಿಸಬೇಕು. ಸೈನ್ಯದ ವೈದ್ಯಕೀಯ ಘಟಕವು ನಾಗರಿಕರಿಗೆ ಚಿಕಿತ್ಸೆ ನೀಡಿತೆಂಬ ಕಾರಣಕ್ಕೆ ತನ್ನ ರಕ್ಷಣೆಯನ್ನು ಕಳೆದುಕೊಳ್ಳುವುದಿಲ್ಲ. ಗಾಯಾಳುವಿನ ಶುಶ್ರೂಷೆ ಮಾಡಿದ ಸಾಮಾನ್ಯನನ್ನು ಯಾರೂ ಪೀಡಿಸುವಂತಿಲ್ಲ, ದಂಡಿಸುವಂತಿಲ್ಲ. ಭಾರತವು ಈ ಒಪ್ಪಂದಗಳನ್ನು 1950ರಲ್ಲಿ ಅಂಗೀಕರಿಸಿ 1960ರಲ್ಲಿ ತನ್ನದೇ ಕಾಯ್ದೆಯನ್ನು ಮಾಡಿದೆ.

ಇದು ಬರಿಯ ಕಾಗದದ ಮಾತಲ್ಲವೆಂಬುದಕ್ಕೆ ಭಾರತೀಯರ ನಡೆಯೇ ಸಾಕ್ಷಿ. ಕೊರಿಯಾ ಯುದ್ಧಕ್ಕೆ 1950ರಲ್ಲಿ ಭಾರತವು ಹೋರಾಡುವ ಪಡೆಯನ್ನು ಕಳುಹಿಸಲಿಲ್ಲ. 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು ಕಳುಹಿಸಿತು. ಅದರ ಒಂದು ಭಾಗ ರಣರಂಗದಲ್ಲಿ ದುಡಿದರೆ, ಇನ್ನೊಂದು ಭಾಗ ತೇಗು ನಗರದಲ್ಲಿ ಕೊರಿಯಾದ ಸೈನಿಕರ ಜೊತೆಗೆ ನಾಗರಿಕರನ್ನೂ ಉಪಚರಿಸಿತು. ಘಟಕದ ನಾಯಕ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರಿಗೆ ಸಂದ ಪದಕದ ಹೆಸರು ಮಹಾವೀರ ಚಕ್ರ. ಗಾಯ ಕಟ್ಟಿದ ಕೈಗೆ ಆ ಹೆಸರು ಸಂದುದರಲ್ಲಿ ಅನುಚಿತವೇನೂ ಇಲ್ಲ.

ಇನ್ನೂ ಹತ್ತಿರದ ನಿದರ್ಶನ ಸೊಲ್ಲಾಪುರದ್ದು. ಜೀವರಾಜ ಜೈನ ಗ್ರಂಥಮಾಲೆಯಿಂದಾಗಿ ಆ ಊರು ಜೈನ ಮನೆಗಳಿಗೆ ಪರಿಚಿತ. ರಾಯಚೂರಿನಿಂದ ಮುಂಬಯಿಗೆ ಹೋಗುವ ರೈಲುಮಾರ್ಗದ ಊರು. ಅಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಜಪಾನಿನ ಆಕ್ರಮಣದ ಆ ದಿನಗಳಲ್ಲಿ ಎಂಟನೆಯ ಮಾರ್ಗಸೇನೆಯ ವೈದ್ಯರಾಗಿ ದುಡಿದು, ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. 1942ರ ಡಿಸೆಂಬರ್ 9ರಂದು ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಅವರನ್ನು ಹಿಂಸೆಯ ಪಾಲುದಾರನೆಂದು ಕರೆಯಲು ಯಾರ ನಾಲಗೆ ಹೊರಳೀತು?

ಸೈನ್ಯದ ವೈದ್ಯಕೀಯದಲ್ಲಿ ದೋಷವೇ ಇಲ್ಲವೆಂದು ಹೇಳುವಂತಿಲ್ಲ. ವೈದ್ಯನು ಸೇನೆಯ ಆಜ್ಞೆಗೆ ಒಳಪಟ್ಟವನು. ಹಾಸಿಗೆಗಳು ಕಡಿಮೆಯಾದಾಗ ನಾಗರಿಕರು ಕಡೆಯ ಸರದಿಗೆ ಸರಿಯುವ ಅಪಾಯ ಇದ್ದೇ ಇದೆ. ಆಸ್ಪತ್ರೆಗಳೇ ದಾಳಿಗೆ ಗುರಿಯಾಗುತ್ತಿವೆ. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ ಅಮೆರಿಕದ ವಿಮಾನವು ಆಸ್ಪತ್ರೆಯೊಂದರ ಮೇಲೆ ದಾಳಿ ಮಾಡಿ 42 ಜನರನ್ನು ಕೊಂದಿತು. ಮರುವರ್ಷ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಇಂಥ ದಾಳಿಗಳನ್ನು ಖಂಡಿಸಿ ನಿರ್ಣಯ ಮಾಡಿದರೂ ದಾಳಿಗಳು ನಿಂತಿಲ್ಲ. ಆದ್ದರಿಂದಲೇ, ವೈದ್ಯನ ಧರ್ಮವನ್ನು ಸೇನೆಯ ಮರ್ಜಿಗೆ ಬಿಟ್ಟುಕೊಡದೆ ಎತ್ತಿಹಿಡಿಯುವ ಸಮಾಜಗಳ ಅಗತ್ಯವಿದೆ. ಕಸಾಯಿಖಾನೆಗಳ ವಿರುದ್ಧ, ತೀರ್ಥಕ್ಷೇತ್ರಗಳ ರಕ್ಷಣೆಗಾಗಿ ನಿರ್ಣಯ ಮಾಡುವ ಮಂಡಳಿಗಳು ಆಸ್ಪತ್ರೆಯ ಮೇಲೆ ಬಾಂಬು ಬಿದ್ದಾಗ ಮೌನ ವಹಿಸುವುದು ಯಾವ ಅಹಿಂಸೆ?

ರಾಯಚೂರು, ದೇವದುರ್ಗ, ಮಾನ್ವಿಗಳ ಮಂದಿರ ಬಸದಿಗಳು ಮಾಡಬಹುದಾದ ಕಾರ್ಯ ದೊಡ್ಡದೇನಲ್ಲ. ಅಭಿಷೇಕದ ಸವಾಲಿನಲ್ಲಿ ಕೂಡಿದ ಹಣದಲ್ಲಿ ಒಂದು ನಿಶ್ಚಿತ ಪಾಲನ್ನು ಔಷಧದಾನಕ್ಕೆಂದು ಬೇರೆ ಇರಿಸಲಿ. ಅದರಲ್ಲಿ ಸ್ವಲ್ಪವನ್ನು 1920ರ ಕಾಯ್ದೆಯಿಂದ ಸ್ಥಾಪಿತವಾದ ಭಾರತೀಯ ರೆಡ್‌ಕ್ರಾಸ್ ಸಂಸ್ಥೆಗೆ ಕೊಡಲಿ. ಮಹಾವೀರ ಜಯಂತಿಯ ಮೆರವಣಿಗೆ ಮುಗಿದ ಮೇಲೆ ತರುಣರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ನಡೆಯಲಿ. ನೆತ್ತರು ನಿಲ್ಲಿಸುವ ವಿದ್ಯೆ ಯುದ್ಧಕ್ಕೆ ಮಾತ್ರವಲ್ಲ, ರಾಯಚೂರಿನ ರಸ್ತೆಗೂ ಬೇಕು. ಸೇನಾ ವೈದ್ಯವೃತ್ತಿಗೆ ಹೊರಟ ಮಗಳನ್ನೋ ಮಗನನ್ನೋ ಹಿರಿಯರು ಪಾಪಭಯ ಹುಟ್ಟಿಸಿ ತಡೆಯದಿರಲಿ. ಪಕ್ಷ ನೋಡದೆ ಗಾಯ ನೋಡುವೆನೆಂಬ ವ್ರತವನ್ನು ಕೊಟ್ಟು ಕಳುಹಿಸಲಿ.

ನಿರ್ವಿಚಿಕಿತ್ಸೆಯೆಂಬ ಅಂಗಕ್ಕೆ ಉದ್ದಾಯನ ರಾಜನ ಕಥೆಯನ್ನು ಪ್ರವಚನಗಳಲ್ಲಿ ಕೇಳದ ಶ್ರಾವಕರಿಲ್ಲ. ರೋಗಪೀಡಿತ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನು ಕಾರಿಕೊಂಡಾಗ ರಾಜ ರಾಣಿಯರು ಮುಖ ಸಿಂಡರಿಸಲಿಲ್ಲ. ತಾವು ಇಕ್ಕಿದ ಆಹಾರದಲ್ಲಿಯೇ ದೋಷವಿದ್ದೀತೆಂದು ಮರುಗಿ, ಆ ಶರೀರವನ್ನು ತೊಳೆದು ಉಪಚರಿಸಿದರು. ಕಥೆ ಕೇಳಿ ತಲೆದೂಗುವುದು ಸುಲಭ. ಕೀವು ನೆತ್ತರುಗಳ ನಡುವೆ ರಾತ್ರಿಯಿಡೀ ನಿಂತು, ಭಾಷೆ ತಿಳಿಯದ ಮಗುವಿನ ಗಾಯವನ್ನು ತೊಳೆಯುವ ದಾದಿಯು ಆ ಅಂಗವನ್ನು ಆಚರಿಸುತ್ತಿದ್ದಾಳೆ. ಅವಳನ್ನು ಲೌಕಿಕಳೆಂದು ಬದಿಗೆ ಸರಿಸುವ ಮುನ್ನ, ಬಸದಿಯ ಹೊಸ್ತಿಲೊಳಗೆ ಆ ಅಂಗ ಎಷ್ಟು ಉಳಿದಿದೆಯೆಂಬುದನ್ನು ವಿಶ್ವಸ್ತ ಮಂಡಳಿಗಳು ವಿಚಾರಿಸಿಕೊಳ್ಳುವುದು ಒಳಿತು.