ಕಂಟೇನರುಗಳು ಹಲವು: ಬಾಗಿಲು ಎಷ್ಟಿರಬೇಕು?

ಒಂದೇ ಗಣಕಯಂತ್ರದೊಳಗೆ ಹಲವು ಗಣಕಯಂತ್ರಗಳನ್ನು ನಡೆಸುವ ವಿದ್ಯೆಯು ಇಂದು ಕಾಲೇಜಿನ ಪ್ರಯೋಗಶಾಲೆಗೂ ಎಟುಕುವಂತಾಗಿದೆ. ಇದಕ್ಕೆ ಎರಡು ಮಾರ್ಗಗಳುಂಟು. ವರ್ಚುವಲ್ ಮೆಷೀನ್ ಎಂಬುದು ಸ್ವಂತ ಬಾವಿಯುಳ್ಳ ಒಂಟಿಮನೆಯಂತೆ. ಕಂಟೇನರ್ ಎಂಬುದು ವಠಾರದ ಮನೆಯಂತೆ. ಗೋಡೆ, ಬಾಗಿಲುಗಳು ಬೇರೆಯಾದರೂ ಬಾವಿಯು ಎಲ್ಲರಿಗೂ ಒಂದೇ. ಕರ್ನಲ್ ಎಂಬ ಮೂಲ ತಂತ್ರಾಂಶವೇ ಆ ಬಾವಿ. ಅದನ್ನು ಹಂಚಿಕೊಳ್ಳುವುದರಿಂದಲೇ ಕಂಟೇನರು ಬೇಗನೆ ಏಳುತ್ತದೆ, ಅಲ್ಪ ಮೆಮೊರಿಯಲ್ಲಿ ಬಾಳುತ್ತದೆ.

ಆದರೆ ವಠಾರ ಕಟ್ಟುವ ಕ್ರಮವೂ ಒಂದೇ ಅಲ್ಲ. 2005ರಲ್ಲಿ ಓಪನ್‌ವಿಝಡ್, 2008ರಲ್ಲಿ ಎಲ್‌ಎಕ್ಸ್‌ಸಿ, 2013ರಲ್ಲಿ ಡಾಕರ್ ಬಂದವು. ಮೊದಲಿನೆರಡು ಇಡೀ ಒಂದು ವ್ಯವಸ್ಥೆಗೆ ಆಶ್ರಯ ಕೊಡುವಂಥವು; ಡಾಕರ್ ಸಾಮಾನ್ಯವಾಗಿ ಒಂದು ಅನ್ವಯಕ್ಕೆ ಮಾತ್ರ. ಇವೆಲ್ಲವನ್ನೂ ನೋಡಿಕೊಳ್ಳುವ ಮುಕ್ತ ತಂತ್ರಾಂಶವು ಯಾವುದಕ್ಕೆ ಎಡೆಗೊಡಬೇಕು?

ವಿಯೆನ್ನಾ ನಗರದಲ್ಲಿ ಸಿದ್ಧವಾಗುವ ಪ್ರಾಕ್ಸ್‌ಮಾಕ್ಸ್‌ನ ಕಥೆಯು ಇಲ್ಲಿ ಬೋಧಪ್ರದವಾಗಿದೆ. 2008ರಲ್ಲಿ ಹೊರಬಂದಾಗ ಅದು ವರ್ಚುವಲ್ ಮೆಷೀನುಗಳಿಗೆ ಕೆವಿಎಂ ಅನ್ನೂ ಕಂಟೇನರುಗಳಿಗೆ ಓಪನ್‌ವಿಝಡ್ ಅನ್ನೂ ಆಶ್ರಯಿಸಿತ್ತು. ಓಪನ್‌ವಿಝಡ್‌ಗೆ ವಿಶೇಷವಾಗಿ ತಿದ್ದಿದ ಕರ್ನಲ್ ಬೇಕಾಗಿತ್ತು. ಲಿನಕ್ಸಿನ ಮೂಲ ಕರ್ನಲ್ ಮುಂದೆ ಸಾಗಿದಂತೆಲ್ಲ ಈ ತಿದ್ದುಪಡಿಯು ಹಿಂದುಳಿಯಿತು. ಕೊನೆಗೆ 2015ರ 4.0ನೆಯ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು, ಮೂಲ ಕರ್ನಲ್‌ನಲ್ಲಿಯೇ ನಡೆಯುವ ಎಲ್‌ಎಕ್ಸ್‌ಸಿಯನ್ನು ಸ್ವೀಕರಿಸಿದರು. ಬಳಕೆದಾರರು ಕಂಟೇನರುಗಳ ಪ್ರತಿಯನ್ನು ತೆಗೆದಿಟ್ಟು, ಹೊಸ ವ್ಯವಸ್ಥೆಯಲ್ಲಿ ಮರುಸ್ಥಾಪಿಸಿ, ಜಾಲದ ಏರ್ಪಾಡನ್ನು ಮತ್ತೆ ಮಾಡಬೇಕಾಯಿತು. ನಡೆಯುತ್ತಿರುವಾಗಲೇ ಕಂಟೇನರನ್ನು ಇನ್ನೊಂದು ಯಂತ್ರಕ್ಕೆ ಸಾಗಿಸುವ ಅನುಕೂಲವೂ ತಪ್ಪಿಹೋಯಿತು.

ಹಾಗಾದರೆ ಎಲ್ಲ ಬಗೆಗಳನ್ನೂ ಉಳಿಸಿಕೊಳ್ಳಬಾರದಿತ್ತೆ? ಕೇಳುವುದು ಸುಲಭ. ಆದರೆ ಪ್ರತಿಯೊಂದು ಬಗೆಗೂ ಪರೀಕ್ಷೆ ಬೇಕು, ದುರಸ್ತಿ ಬೇಕು, ಭದ್ರತೆಯ ಕಾವಲು ಬೇಕು. ದುಡಿಯುವ ಕೈಗಳು ಕೆಲವೇ ಆಗಿರುವಾಗ, ಅರೆಮನಸ್ಸಿನಿಂದ ಕಾಯ್ದ ಬಾಗಿಲು ಮುಚ್ಚಿದ ಬಾಗಿಲಿಗಿಂತ ಅಪಾಯಕರ. ಓಪನ್‌ವಿಝಡ್ ಅನ್ನು ಬಿಟ್ಟದ್ದು ತಪ್ಪಲ್ಲವೆಂದೇ ನಾವು ಭಾವಿಸುತ್ತೇವೆ.

ತಪ್ಪಾಗುವುದು ಬೇರೆಡೆ: ಒಳಬರುವ ದಾರಿಯನ್ನು ಮಾಡಿ ಹೊರಹೋಗುವ ದಾರಿಯನ್ನು ಮರೆತಾಗ. ಬೆಂಬಲದ ಅಳತೆಯು ಬಗೆಗಳ ಎಣಿಕೆಯಲ್ಲಿಲ್ಲ. ಬಳಕೆದಾರನ ಸಾಮಗ್ರಿಯು ಒಂದರಿಂದ ಇನ್ನೊಂದಕ್ಕೆ ಕೆಡದೆ ಸಾಗುವುದರಲ್ಲಿದೆ. ಕಂಟೇನರಿನ ಆಕೃತಿಗೆ ಸರ್ವಸಮ್ಮತವಾದ ಮಾನಕವನ್ನು ರೂಪಿಸಲು 2015ರಲ್ಲಿ ಓಸಿಐ ಎಂಬ ಸಂಸ್ಥೆಯು ಹುಟ್ಟಿದುದು ಇದಕ್ಕಾಗಿಯೇ. 2025ರಲ್ಲಿ ಪ್ರಾಕ್ಸ್‌ಮಾಕ್ಸ್‌ನ 9.1ನೆಯ ಆವೃತ್ತಿಯು ಈ ಮಾನಕದ ಅಚ್ಚುಗಳಿಂದ ಎಲ್‌ಎಕ್ಸ್‌ಸಿ ಕಂಟೇನರುಗಳನ್ನು ರಚಿಸುವ ಸೌಲಭ್ಯವನ್ನು ಪ್ರಾಯೋಗಿಕವಾಗಿ ಒದಗಿಸಿತು. ಮತ್ತೊಂದು ಯಂತ್ರವನ್ನು ಹೊರದೆಯೇ ಮತ್ತೊಂದು ಬಳಗಕ್ಕೆ ಬಾಗಿಲು ತೆರೆದಂತಾಯಿತು. ಇದೇ ಸರಿಯಾದ ಮಾರ್ಗ.

ಒಂದೆರಡು ಬಗೆಗಳನ್ನು ಚೆನ್ನಾಗಿ ನೋಡಿಕೊಳ್ಳುವುದು, ಸಮಾನ ಮಾನಕಕ್ಕೆ ಬದ್ಧವಾಗಿರುವುದು, ಬಿಡುವಾಗ ದಾರಿ ತೋರಿಸಿ ಬಿಡುವುದು: ಮುಕ್ತ ತಂತ್ರಾಂಶದಿಂದ ನಾವು ನಿರೀಕ್ಷಿಸಬೇಕಾದುದು ಇಷ್ಟೆ. ವಿದ್ಯಾರ್ಥಿಗಳು ಹೊಸ ವ್ಯವಸ್ಥೆಯನ್ನು ಆರಿಸುವಾಗ ‘ಇದರಲ್ಲಿ ಏನೇನು ನಡೆಯುತ್ತದೆ?’ ಎಂದು ಕೇಳುವುದು ಸಹಜ. ‘ನಾಳೆ ಇದರಿಂದ ಹೊರಡುವುದು ಹೇಗೆ?’ ಎಂದೂ ಕೇಳುವುದು ವಿವೇಕ.