ಚರಿತ್ರೆಯ ಹೆಸರಿನಲ್ಲಿ ಸುಂಕ ವಸೂಲಿ

ಮಾಗಡಿ ರಸ್ತೆಯ ಸುಂಕದಕಟ್ಟೆ ತನ್ನ ಚರಿತ್ರೆಯನ್ನು ಹೆಸರಿನಲ್ಲೇ ಹೊತ್ತಿದೆ: ಸರಕು ತಂದವನು ಸುಂಕ ತೆತ್ತು ಮುಂದೆ ಸಾಗಬೇಕಾಗಿದ್ದ ಕಟ್ಟೆ. ಸುಂಕ ಎತ್ತಿದ ದೊರೆಗಳಿಗೆ ಪ್ರತಿಮೆಗಳಿವೆ. ತೆತ್ತವರ ಹೆಸರೂ ಉಳಿದಿಲ್ಲ. ಇಂದು ಅಲ್ಲಿನ ಗಾರ್ಮೆಂಟ್ ಕೆಲಸಗಾರರಿಂದಲೂ ಅಂಗಡಿಯವರಿಂದಲೂ ಇನ್ನೊಂದು ಸುಂಕ ಕೇಳುತ್ತಿದ್ದಾರೆ: “ಇದು ನಿನ್ನ ಜಾತಿಯ ಚರಿತ್ರೆ, ಇವನು ನಿನ್ನ ಹಗೆ, ಓಟು ಹಾಕು!”

ಇದು ಉತ್ಪ್ರೇಕ್ಷೆಯೇ? ೨೦೨೩ರ ಚುನಾವಣೆಗೆ ಮುಂಚಿನ ದಿನಗಳನ್ನು ನೆನೆಯಿರಿ. ಟಿಪ್ಪು ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರೊಡನೆ ಹೋರಾಡುತ್ತ ಸತ್ತನೆಂದು ಶಾಲೆಯ ಮಕ್ಕಳೂ ಬಲ್ಲರು. ಅವನನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗ ವೀರರೆಂದು ಪ್ರಚಾರ ಹೊರಟಿತು. ಪ್ರಧಾನಿಯ ಸ್ವಾಗತಕ್ಕೆ ಮಂಡ್ಯದಲ್ಲಿ ಅವರ ಹೆಸರಿನ ದ್ವಾರ ಎದ್ದಿತು. ಸಚಿವರೊಬ್ಬರು ಸಿನಿಮಾ ತೆಗೆಯಲು ಹೊರಟರು. ಆ ಕಾಲದ ಒಂದು ದಾಖಲೆಯನ್ನಾದರೂ ತೋರಿಸಿದರೇ? ಇಲ್ಲ. ಕೊನೆಗೆ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರೇ ಬೇಡವೆಂದ ಮೇಲೆ ಸಿನಿಮಾ ನಿಂತಿತು. ಇಷ್ಟೆಲ್ಲ ಗದ್ದಲದಿಂದ ಒಕ್ಕಲಿಗ ರೈತನ ಸಾಲ ಒಂದು ಕಾಸೂ ಇಳಿಯಲಿಲ್ಲ.

ಇಂಥ ಆಟ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಆಫ್ರಿಕದ ರುವಾಂಡವೇ ಸಾಕ್ಷಿ. ಅಲ್ಲಿ ಹುಟು, ಟುಟ್ಸಿ ಜನ ಆಡುವುದು ಒಂದೇ ಭಾಷೆ. ಟುಟ್ಸಿಗಳು ಉತ್ತರದಿಂದ ಬಂದ ಆಳುವ ಕುಲವೆಂಬ ಕತೆಯನ್ನು ಬಿಳಿಯರು ಹಬ್ಬಿಸಿದರು. ೧೯೩೦ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯಲ್ಲಿ ಕುಲವನ್ನು ಬರೆಸಿತು. ೧೯೬೨ರಲ್ಲಿ ಸ್ವಾತಂತ್ರ್ಯ ಬಂದರೂ ಹೊಸ ನಾಯಕರು ಚೀಟಿಯನ್ನು ಹರಿಯಲಿಲ್ಲ; ಅದೇ ಕತೆಯನ್ನು ತಿರುಗಿಸಿ ಟುಟ್ಸಿಗಳು ಹೊರಗಿನವರೆಂದರು. ೧೯೯೪ರಲ್ಲಿ ರಸ್ತೆ ತಡೆಗಳಲ್ಲಿ ಆ ಚೀಟಿ ನೋಡಿಯೇ ಕೊಂದರು. ಸುಮಾರು ನೂರು ದಿನಗಳಲ್ಲಿ ೮ ಲಕ್ಷದಷ್ಟು ಜನ ಸತ್ತರು.

ಹಾಗಾದರೆ ಹಿಂದುಳಿದವರು ತಮ್ಮ ಚರಿತ್ರೆಯನ್ನು ಹುಡುಕಲೇಬಾರದೇ ಎಂದು ಕೇಳಬಹುದು. ಖಂಡಿತ ಹುಡುಕಬೇಕು. ತಮಗೆ ಆದ ಅನ್ಯಾಯವನ್ನು ಲೆಕ್ಕವಿಟ್ಟು ಮುಂದಿಟ್ಟದ್ದರಿಂದಲೇ ಮೈಸೂರಿನಲ್ಲಿ ೧೯೧೮ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು, ಸರ್ಕಾರಿ ನೌಕರಿಯಲ್ಲಿ ಮೀಸಲಾತಿಗೆ ದಾರಿಯಾಯಿತು. ಅದು ಪಾಲು ಕೇಳುವ ಚರಿತ್ರೆ. ನಾವು ವಿರೋಧಿಸುವುದು ಪಾಲು ಕೊಡದೆ ಹಗೆಯನ್ನು ಮಾತ್ರ ಕೊಡುವ ಚರಿತ್ರೆಯನ್ನು.

ದುಡಿಯುವವರಿಗೂ ತಮ್ಮದೇ ಚರಿತ್ರೆಯಿದೆ. ೧೯೮೦-೮೧ರಲ್ಲಿ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳ ಕಾರ್ಮಿಕರು ೭೭ ದಿನ ಮುಷ್ಕರ ಹೂಡಿದರು. ೨೦೧೬ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ ಹೆಣ್ಣುಮಕ್ಕಳು ಬೀದಿಗಿಳಿದು ಭವಿಷ್ಯನಿಧಿಯ ಹೊಸ ನಿಯಮವನ್ನು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಹಿಂತೆಗೆದುಕೊಳ್ಳುವಂತೆ ಮಾಡಿದರು. ಅವರಿಗೆ ಯಾವ ಮಹಾದ್ವಾರವೂ ಎದ್ದಿಲ್ಲ. ಅಂದು ಬೀದಿಯಲ್ಲಿ ಪಕ್ಕದಲ್ಲಿ ನಿಂತವಳ ಜಾತಿಯನ್ನು ಯಾರೂ ಕೇಳಲಿಲ್ಲ.

ಮಕ್ಕಳಿಗೆ ಈ ಚರಿತ್ರೆಯನ್ನೂ ಹೇಳಿ. ಜಾತಿಯ ವೀರನನ್ನು ಹೊತ್ತು ಓಟು ಕೇಳಲು ಬಂದವನಿಗೆ ಎರಡೇ ಪ್ರಶ್ನೆ ಹಾಕಿ: ದಾಖಲೆ ಎಲ್ಲಿ? ನಮ್ಮ ಪಾಲು ಎಲ್ಲಿ?