ಮಂಜಿನ ಮೇಲೆ ತಪ್ಪು ಹೊರಿಸಿದ್ದು ಸಾಕು

2023ರ ಅಕ್ಟೋಬರ್ 26ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಹಿಂದಿನಿಂದ ಗುದ್ದಿತು. ಆಂಧ್ರದ ಕಡೆಯಿಂದ ಬೆಂಗಳೂರಿನತ್ತ ಹೊರಟಿದ್ದ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮೊದಲು ಕೇಳಿಬಂದ ಕಾರಣ ದಟ್ಟ ಮಂಜು. ಹೆದ್ದಾರಿಯಲ್ಲಿ ಭಾರಿ ವಾಹನವೊಂದು ಏಕೆ ನಿಂತಿತ್ತು ಎಂಬ ಪ್ರಶ್ನೆ ನಮ್ಮನ್ನು ಅದಕ್ಕಿಂತ ಹೆಚ್ಚು ಕಾಡಬೇಕಿತ್ತು.

ಮಂಜು ಹೇಳದೆ ಕೇಳದೆ ಬರುವುದಿಲ್ಲ. ಮಳೆಗಾಲ ಮುಗಿದು ನೆಲದಲ್ಲಿ ತೇವ ಉಳಿದಿರುವಾಗ, ಆಕಾಶ ಶುಭ್ರವಾಗಿ ಗಾಳಿ ಬಿದ್ದುಹೋದ ರಾತ್ರಿಗಳಲ್ಲಿ ನೆಲ ಬೇಗ ತಣಿಯುತ್ತದೆ. ಬೆಳಗಿನ ಜಾವ ಕೆರೆ, ತೋಟ, ತಗ್ಗುಗಳ ಮೇಲೆ ಮಂಜು ಕವಿಯುತ್ತದೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಮಳೆಗಾಲದಲ್ಲಿ ಮೋಡವೇ ರಸ್ತೆಗಿಳಿಯುತ್ತದೆ. ಋತು ಗೊತ್ತು, ಹೊತ್ತು ಗೊತ್ತು, ಜಾಗವೂ ಗೊತ್ತು. ಹೀಗಿರುವಾಗ ಪ್ರತಿ ಸಾವನ್ನೂ ಆಕಸ್ಮಿಕ ಎನ್ನುವುದು ಹೊಣೆಯಿಂದ ನುಣುಚಿಕೊಳ್ಳುವ ದಾರಿ.

ಗೋಚರತೆ 50 ಮೀಟರ್‌ಗಿಂತ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಅತಿ ದಟ್ಟ ಮಂಜು ಎನ್ನುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಂಡು ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ 25 ಮೀಟರ್ ಮುಗಿದಿರುತ್ತದೆ. ಒದ್ದೆ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ ಅಷ್ಟೇ ದೂರ ಬೇಕು. ಅಂದರೆ ಅರವತ್ತರ ವೇಗವೂ ಅಲ್ಲಿ ಹೆಚ್ಚೇ. ನಲವತ್ತಕ್ಕೆ ಇಳಿಸಿದರೆ ಸುಮಾರು 30 ಮೀಟರ್‌ನಲ್ಲಿ ನಿಲ್ಲಿಸಬಹುದು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಸರಿಯಾದ ವೇಗ. ಹೈಬೀಮ್ ಹಾಕಿದರೆ ನೀರಿನ ಕಣಗಳು ಬೆಳಕನ್ನು ಚಾಲಕನ ಕಣ್ಣಿಗೇ ಮರಳಿಸುತ್ತವೆ. ಹಾಗಾಗಿ ಡಿಪ್ ಲೈಟ್ ಸಾಕು, ಫಾಗ್ ಲ್ಯಾಂಪ್ ಇದ್ದರೆ ಇನ್ನೂ ಒಳ್ಳೆಯದು. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಓಡಿಸುವವರು ಎಡಕ್ಕೆ ತಿರುಗುತ್ತಾರೋ ಬಲಕ್ಕೋ ಹಿಂದಿನವರಿಗೆ ತಿಳಿಯುವುದಿಲ್ಲ. ಅದು ಕೆಟ್ಟು ನಿಂತ ವಾಹನಕ್ಕಿರುವ ಸೂಚನೆ.

ಚಾಲಕ ಎಷ್ಟೇ ಎಚ್ಚರ ವಹಿಸಿದರೂ ದೀಪವಿಲ್ಲದೆ ನಿಂತ ಲಾರಿಯ ಅಪಾಯ ಪೂರ್ತಿ ತಪ್ಪುವುದಿಲ್ಲ. ವಾಹನವನ್ನು ಅಪಾಯಕಾರಿಯಾಗಿ ನಿಲ್ಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ನಿಷೇಧಿಸಿದೆ. ಆದರೂ ಢಾಬಾಗಳ ಎದುರು ಲಾರಿಗಳ ಸಾಲು ಕರಗಿಲ್ಲ. ಆಕ್ಸಲ್ ಮುರಿದ ಲಾರಿಯ ಹಿಂದೆ ನಾಲ್ಕು ಕಲ್ಲು, ಒಂದು ಮರದ ಕೊಂಬೆ ಇಟ್ಟರೆ ಮುಗಿಯಿತು. ಬೆಳಗಾವಿ ಸೀಮೆಯಲ್ಲಿ ಕಬ್ಬು ನುರಿಯುವ ಹಂಗಾಮೂ ಚಳಿಗಾಲವೂ ಕೂಡಿಯೇ ಬರುತ್ತವೆ. ಟ್ರೈಲರ್‌ನ ಅಗಲ ಮೀರಿ ಚಾಚಿದ ಕಬ್ಬಿನ ಜಲ್ಲೆಗಳು ಹಿಂಬದಿಯ ರೇಡಿಯಂ ಪಟ್ಟಿಯನ್ನೇ ಮುಚ್ಚಿರುತ್ತವೆ, ಎಷ್ಟೋ ಟ್ರೈಲರ್‌ಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ಬೆಳಗಿನ ಐದು ಗಂಟೆಗೆ ಅಂಥ ಟ್ರೈಲರ್‌ನ ಹಿಂದೆ ಬೈಕ್‌ನಲ್ಲಿ ಬರುವ ಹಾಲಿನವನಿಗೆ ಯಾವ ರಕ್ಷಣೆಯಿದೆ?

ಮಾಡಬೇಕಾದ್ದು ಅಸಾಧ್ಯವೇನಲ್ಲ. ಉತ್ತರ ಪ್ರದೇಶದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲದಲ್ಲಿ ಕಾರುಗಳ ವೇಗಮಿತಿಯನ್ನು 100ರಿಂದ 75 ಕಿ.ಮೀ.ಗೆ ಇಳಿಸುವ ಪದ್ಧತಿಯಿದೆ. ಮಂಜು ಕವಿಯುವ ನಮ್ಮ ಹೆದ್ದಾರಿಗಳಿಗೂ ಅಂಥ ಋತುಮಾನದ ಮಿತಿ ಬೇಕು. ಟೋಲ್ ವಸೂಲಿ ಮಾಡುವವರು ನಸುಕಿನಲ್ಲಿ ಗಸ್ತು ತಿರುಗಿ, ನಿಂತ ವಾಹನಗಳನ್ನು ಎಳೆಸಬೇಕು. ಲಾರಿ ಚಾಲಕರಿಗೆ ನಿದ್ದೆ ಮಾಡಲು ಸುರಕ್ಷಿತ ತಂಗುದಾಣ ಕಟ್ಟಿಕೊಡದೆ ದಂಡವನ್ನಷ್ಟೇ ಹಾಕಿದರೆ ಅದು ನ್ಯಾಯವಲ್ಲ. ಸಕ್ಕರೆ ಕಾರ್ಖಾನೆಗಳು ದೀಪವಿಲ್ಲದ ಟ್ರೈಲರನ್ನು ವೇಬ್ರಿಡ್ಜ್‌ಗೇ ಬಿಟ್ಟುಕೊಳ್ಳಬಾರದು.

ಇವೆಲ್ಲಕ್ಕೂ ಮೊದಲು, ಮಂಜಿನ ಅಪಘಾತಗಳ ತನಿಖೆಯ ರೀತಿ ಬದಲಾಗಬೇಕು. ವಾಹನ ಎಷ್ಟು ಹೊತ್ತಿನಿಂದ ನಿಂತಿತ್ತು, ಹಿಂಬದಿ ದೀಪ ಉರಿಯುತ್ತಿತ್ತೇ, ಗಸ್ತು ವಾಹನ ಆ ದಾರಿಯಲ್ಲಿ ಕೊನೆಯ ಬಾರಿ ಹೋದದ್ದು ಯಾವಾಗ ಎಂಬುದು ಪ್ರತಿ ಪ್ರಕರಣದಲ್ಲೂ ದಾಖಲಾಗಲಿ. ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದೀತು ಎಂಬ ಅಳುಕು ಇದ್ದರೆ ಮಾತ್ರ ಹೊಣೆಗಾರರು ಅಪಘಾತಕ್ಕೆ ಮೊದಲೇ ರಸ್ತೆಗಿಳಿಯುತ್ತಾರೆ.